ಕ್ಯಾರವಾನ್ ಶೌಚಾಲಯ ಮತ್ತು ಅದರ ಟ್ಯಾಂಕುಗಳು: ಬಳಸುವ, ಖಾಲಿ ಮಾಡುವ, ಕಾಪಾಡುವ ಬಗೆ

ಟೆಂಪೊ ಟ್ರಾವೆಲರ್‌ನಂಥ ಗಾಡಿಯನ್ನು ಕ್ಯಾರವಾನ್ ಆಗಿ ಮಾಡಿಸಿಕೊಳ್ಳುವವರು ಹಾಸಿಗೆ, ಒಲೆ, ಸೋಲಾರ್ ಪ್ಯಾನೆಲ್‌ಗಳ ಬಗ್ಗೆ ವಾರಗಟ್ಟಲೆ ಯೋಚಿಸುತ್ತಾರೆ. ಶೌಚಾಲಯದ ಮಾತು ಬಂದಾಗ ಮಾತ್ರ ‘ಒಂದು ಕಮೋಡ್ ಕೂರಿಸಿ, ಕೆಳಗೆ ಒಂದು ಟ್ಯಾಂಕ್ ಕಟ್ಟಿಬಿಡಿ’ ಎಂದು ಬಾಡಿ ಕಟ್ಟುವವರಿಗೆ ಹೇಳಿ ಕೈತೊಳೆದುಕೊಳ್ಳುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಚಿಕ್ಕಬಳ್ಳಾಪುರದ ನಮ್ಮ ಮನೆಯ ಮುಂದೆ ಗಾಡಿ ಬಂದು ನಿಂತ ದಿನ ಅಮ್ಮ ಒಳಗೆ ಇಣುಕಿ ನೋಡಿ, “ಅಲ್ಲಪ್ಪಾ, ಒಲೆಗೂ ಕಕ್ಕಸಿಗೂ ನಾಲ್ಕು ಮೊಳ ದೂರ ಇಲ್ಲ. ಅದಿರಲಿ, ಇದು ತುಂಬಿದ ಮೇಲೆ ಎಲ್ಲಿ ಸುರೀತೀಯ?” ಎಂದು ಕೇಳಿದ್ದಳು.

ಅವಳ ಎರಡನೆಯ ಪ್ರಶ್ನೆಯೇ ಈ ಇಡೀ ವಿಷಯದ ಬುಡ. ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಗಾಡಿಗಳು ತಂಗುವ ತಾಣಗಳಲ್ಲಿ ಡಂಪ್ ಸ್ಟೇಷನ್ ಎಂಬ ವ್ಯವಸ್ಥೆ ಇರುತ್ತದೆ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಪೈಪು ಜೋಡಿಸಿ, ಕೊಳಚೆಯನ್ನು ನೇರವಾಗಿ ಒಳಚರಂಡಿಗೆ ಬಿಟ್ಟು ಹೊರಡಬಹುದು. ನಾವು ಬಾಗೇಪಲ್ಲಿಯ ಕಡೆಗೆ 44ನೆಯ ಹೆದ್ದಾರಿಯಲ್ಲಿ, ಮುಳಬಾಗಿಲಿನ ಕಡೆಗೆ 75ನೆಯದರಲ್ಲಿ, ತುಮಕೂರು ದಾಟಿ ಶಿರಾದ ಕಡೆಗೆ 48ನೆಯದರಲ್ಲಿ ಎಷ್ಟೋ ಸಲ ಓಡಾಡಿದ್ದೇವೆ. ಅಂಥದ್ದೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಆದ್ದರಿಂದ ನಮ್ಮ ಕಡೆಯವರು ಟ್ಯಾಂಕಿನ ಅಳತೆ, ಕಮೋಡಿನ ಬಗೆ, ಒಳಗೆ ಹಾಕುವ ಔಷಧಿ, ಕೊನೆಗೆ ಪ್ರಯಾಣದ ದಾರಿಯನ್ನೂ ಸಹ, ಖಾಲಿ ಮಾಡುವ ಜಾಗವನ್ನು ಮೊದಲು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಯೇ ತೀರ್ಮಾನಿಸಬೇಕು.

ಯಾವ ಬಗೆಯ ಶೌಚಾಲಯ

ಸಾಮಾನ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಕಮೋಡಿನ ಕೆಳಗೆ, ಗಾಡಿಯ ಅಡಿಭಾಗದಲ್ಲಿ ಒಂದು ಟ್ಯಾಂಕ್ ಖಾಯಂ ಆಗಿ ಕೂತಿರುತ್ತದೆ. ಅದರಿಂದ ಮೂರು ಇಂಚಿನ ಪೈಪು ಹೊರಗೆ ಬಂದು, ಹಿಡಿ ಎಳೆದರೆ ತೆರೆಯುವ ಒಂದು ಗೇಟ್ ವಾಲ್ವಿನಲ್ಲಿ ಮುಗಿಯುತ್ತದೆ. ಎರಡನೆಯದು ಕ್ಯಾಸೆಟ್ ಶೌಚಾಲಯ: ಕಮೋಡಿನ ಕೆಳಗಿರುವ 17ರಿಂದ 21 ಲೀಟರಿನಷ್ಟು ಹಿಡಿಯುವ ಪೆಟ್ಟಿಗೆಯನ್ನು ಗಾಡಿಯ ಹೊರಬದಿಯ ಬಾಗಿಲಿನಿಂದ ಎಳೆದು, ಸೂಟ್‌ಕೇಸಿನಂತೆ ಒಯ್ದು, ಯಾವುದೇ ಮನೆಯ ಶೌಚಾಲಯದಲ್ಲಿ ಸುರಿದು ಬರಬಹುದು.

ನನ್ನ ಗಾಡಿಯಲ್ಲಿರುವುದು ಖಾಯಂ ಟ್ಯಾಂಕ್, 90 ಲೀಟರಿನದು. ಆದರೂ ಹೊಸದಾಗಿ ಗಾಡಿ ಮಾಡಿಸುವವರು ಕೇಳಿದರೆ ಕ್ಯಾಸೆಟ್ಟನ್ನೇ ಹಾಕಿಸಿಕೊಳ್ಳಿ ಎನ್ನುತ್ತೇನೆ. ನೆಂಟರ ಮನೆಯಲ್ಲಾಗಲಿ ಲಾಡ್ಜಿನಲ್ಲಾಗಲಿ ಚೇಂಬರಿನ, ಅಂದರೆ ಶೌಚಾಲಯದ ಪೈಪು ಸೇರುವ ತೊಟ್ಟಿಯ, ಮುಚ್ಚಳ ಎತ್ತಿಸುವ, ಗಾಡಿಯನ್ನು ಅದರ ಪಕ್ಕಕ್ಕೇ ತಂದು ನಿಲ್ಲಿಸುವ ತಾಪತ್ರಯ ಅದರಲ್ಲಿಲ್ಲ. ತುಂಬಿದಾಗ ಇಪ್ಪತ್ತು ಕಿಲೋ ತೂಗುತ್ತದೆ, ಒಬ್ಬರೇ ಇದ್ದರೂ ಎರಡು ದಿನಕ್ಕೊಮ್ಮೆ ಸುರಿಯಬೇಕಾಗುತ್ತದೆ ಎನ್ನುವುದು ನಿಜ. ಆದರೆ ಇಪ್ಪತ್ತು ಲೀಟರಿಗೆ ಜಾಗ ಸಿಕ್ಕಷ್ಟು ಸುಲಭವಾಗಿ ತೊಂಬತ್ತು ಲೀಟರಿಗೆ ಸಿಗುವುದಿಲ್ಲ. ಕ್ಯಾಸೆಟ್ ಸುರಿಯುವಾಗ ಅದರ ಮೇಲಿರುವ ಗಾಳಿಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯುವುದನ್ನು ಮರೆಯಬಾರದು. ಗಾಳಿ ಒಳಗೆ ಹೋಗದಿದ್ದರೆ ಕೊಳಚೆ ಬಿಟ್ಟುಬಿಟ್ಟು ಉಕ್ಕಿ ಬಟ್ಟೆಯ ಮೇಲೆ ಚಿಮ್ಮುತ್ತದೆ. ಕ್ಯಾಸೆಟ್ ಉಳ್ಳವರಿಗೂ ಮುಂದೆ ಹೇಳುವ ಬಹುಪಾಲು ಮಾತು ಅನ್ವಯಿಸುತ್ತದೆ.

ಮಲದ ಟ್ಯಾಂಕಿನ ಜೊತೆಗೆ ಸ್ನಾನದ ಮತ್ತು ಪಾತ್ರೆ ತೊಳೆದ ನೀರಿಗೆ ಬೇರೆಯದೇ ಟ್ಯಾಂಕ್ ಇರಬೇಕು. ಬಚ್ಚಲ ನೀರಿನ ಈ ಟ್ಯಾಂಕಿಗೆ ಒಂದೂವರೆ ಇಂಚಿನ ಪೈಪು ಸಾಕು. ಎರಡನ್ನೂ ಒಂದೇ ಟ್ಯಾಂಕಿಗೆ ಬಿಟ್ಟರೆ ದುಡ್ಡು ಉಳಿಯುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಹಾಗೆ ಮಾಡಿದರೆ ಇಬ್ಬರು ಸ್ನಾನ ಮಾಡುವಷ್ಟರಲ್ಲಿ ಟ್ಯಾಂಕ್ ತುಂಬಿ, ಮಲದ ವಾಸನೆ ಪಾತ್ರೆ ತೊಳೆಯುವ ಸಿಂಕಿನಲ್ಲಿ ಏಳುತ್ತದೆ.

ದಿನದ ಲೆಕ್ಕ

ಮನೆಯ ಫ್ಲಶ್ ಟ್ಯಾಂಕ್ ಒಮ್ಮೆಗೆ ಆರರಿಂದ ಹತ್ತು ಲೀಟರ್ ನೀರು ಸುರಿದರೆ, ಗಾಡಿಯ ಕಮೋಡಿನಲ್ಲಿ ಪೆಡಲ್ ತುಳಿದಷ್ಟು ಹೊತ್ತು ಮಾತ್ರ ತಳದ ಮುಚ್ಚಳ ತೆರೆದು ನೀರು ಬರುತ್ತದೆ. ಮಲವಿಸರ್ಜನೆಗೆ, ತೊಳೆದುಕೊಳ್ಳುವ ನೀರೂ ಸೇರಿ, ನಾಲ್ಕು ಲೀಟರ್, ಮೂತ್ರಕ್ಕೆ ಒಂದೂವರೆ ಲೀಟರ್ ಎಂದು ನಾವು ಲೆಕ್ಕ ಇಟ್ಟುಕೊಂಡಿದ್ದೇವೆ. ಒಬ್ಬರಿಗೆ ದಿನಕ್ಕೆ ಒಂದು ದೊಡ್ಡದು, ನಾಲ್ಕು ಸಣ್ಣದು ಎಂದರೆ ಹತ್ತು ಲೀಟರ್, ನಾಲ್ವರಿಗೆ ನಲವತ್ತು. ಮೂರರಲ್ಲಿ ಎರಡು ಪಾಲು ತುಂಬುತ್ತಲೇ ಖಾಲಿ ಮಾಡಬೇಕೆಂಬ ನಿಯಮವನ್ನು ಪಾಲಿಸಿದರೆ 90 ಲೀಟರಿನ ಟ್ಯಾಂಕ್ ಒಂದೂವರೆ ದಿನಕ್ಕೆ ಬರುತ್ತದೆ. ಶನಿವಾರ ಬೆಳಿಗ್ಗೆ ಹೊರಟು ಅವನಿ, ಕುರುಡುಮಲೆ, ಕೋಟಿಲಿಂಗೇಶ್ವರ ನೋಡಿಕೊಂಡು ಭಾನುವಾರ ರಾತ್ರಿ ಮನೆ ಸೇರುವ ಪ್ರವಾಸಕ್ಕೆ ಇದು ಹಿಡಿದು ಹೊಲಿಸಿದಂತೆ ಸರಿಹೋಗುತ್ತದೆ. ಅದಕ್ಕಿಂತ ಉದ್ದದ ಪ್ರವಾಸವಾದರೆ ನಡುವೆ ಖಾಲಿ ಮಾಡುವ ಜಾಗವೊಂದನ್ನು ಹೊರಡುವ ಮುಂಚೆಯೇ ಫೋನ್ ಮಾಡಿ ಗೊತ್ತುಮಾಡಿಕೊಂಡಿರಬೇಕು.

ತುಂಬಿದ ಟ್ಯಾಂಕ್ ಎಂದರೆ ಸುಮಾರು ತೊಂಬತ್ತು ಕಿಲೋ ಭಾರ. ಅದು ಗಾಡಿಯ ಹಿಂಭಾಗದಲ್ಲಿ ತುಳುಕಾಡುತ್ತಿದ್ದರೆ ನಂದಿ ಬೆಟ್ಟದಂಥ, ದೇವರಾಯನದುರ್ಗದಂಥ ತಿರುವಿನ ದಾರಿಯಲ್ಲಿ ಸ್ಟೇರಿಂಗ್ ಹಿಡಿದವರಿಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಬೆಟ್ಟ ಹತ್ತುವ ಮುಂಚೆ ಖಾಲಿ ಮಾಡಿಕೊಳ್ಳುವುದು ಲೇಸು.

ನೀರಿನಲ್ಲಿ ಜಿಪುಣತನ ಬೇಡ

ಹೊಸಬರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಟ್ಯಾಂಕ್ ಬೇಗ ತುಂಬೀತೆಂಬ ಭಯದಿಂದ ನೀರು ಉಳಿಸಲು ಹೋಗಿ ಆಗುವಂಥವು. ಟ್ಯಾಂಕಿನ ಒಳಗೆ ಮಲ ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು. ಮುಳುಗಿದ್ದರೆ ಅದು ನೆನೆದು, ಬ್ಯಾಕ್ಟೀರಿಯಾಗಳ ಕೆಲಸದಿಂದ ಕರಗಿ, ವಾಲ್ವ್ ತೆರೆದಾಗ ನೀರಿನೊಡನೆ ಹರಿದುಹೋಗುತ್ತದೆ. ನೀರು ಸಾಲದಿದ್ದರೆ ಕಮೋಡಿನ ಬಾಯಿಗೆ ನೇರ ಕೆಳಗೆ ಹುತ್ತದಂತೆ ಗುಡ್ಡೆಯಾಗಿ ಬೆಳೆದು, ಒಣಗಿ, ತಳಕ್ಕೆ ಹತ್ತಿಕೊಳ್ಳುತ್ತದೆ. ಹಾಗಾಗಿ ಟ್ಯಾಂಕ್ ಖಾಲಿ ಮಾಡಿದ ಪ್ರತಿ ಸಲವೂ ಮೊದಲು ಹತ್ತರಿಂದ ಹದಿನೈದು ಲೀಟರ್ ನೀರನ್ನು ಒಳಗೆ ಸುರಿದು, ತಳ ಪೂರ್ತಿ ಮುಚ್ಚುವಂತೆ ಮಾಡಿ, ಆಮೇಲೆ ಬಳಸಬೇಕು. ನೀರಿನಿಂದ ತೊಳೆದುಕೊಳ್ಳುವ ನಮ್ಮ ಅಭ್ಯಾಸ ಈ ವಿಷಯದಲ್ಲಿ ನಮಗೆ ವರ. ಕಾಗದ ಬಳಸುವವರ ಟ್ಯಾಂಕಿನಲ್ಲಿ ಕಟ್ಟಿಕೊಳ್ಳುವಷ್ಟು ನಮ್ಮದರಲ್ಲಿ ಕಟ್ಟಿಕೊಳ್ಳುವುದಿಲ್ಲ. ಕಾಗದ ಬಳಸಲೇಬೇಕಾದರೆ ಒಂದು ತುಂಡನ್ನು ನೀರಿನ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ ನೋಡಿ. ನಾರುನಾರಾಗಿ ಕರಗದೆ ತುಂಡಾಗಿಯೇ ಉಳಿದರೆ ಅದು ಟ್ಯಾಂಕಿಗೆ ತಕ್ಕದ್ದಲ್ಲ. ಒದ್ದೆ ವೈಪ್ಸ್, ಸ್ಯಾನಿಟರಿ ಪ್ಯಾಡ್, ಮಗುವಿನ ಡೈಪರ್, ಉಳಿದ ಅನ್ನ, ತಲೆಗೂದಲು ಇವು ಯಾವುವೂ ಕಮೋಡಿನೊಳಗೆ ಹೋಗಬಾರದು.

ಇನ್ನೊಂದು ನಿಯಮವನ್ನು ನಾನು ಕಷ್ಟಪಟ್ಟು ಕಲಿತೆ. ಗೌರಿಬಿದನೂರಿನಲ್ಲಿ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೋದಾಗ, ನೆಂಟರು ತುಂಬಿದ ಮನೆಯಲ್ಲಿ ಶೌಚಾಲಯಕ್ಕೆ ಸಾಲು ಹಚ್ಚುವುದು ತಪ್ಪಲೆಂದು, ಗಾಡಿಯನ್ನು ಅವರ ಚೇಂಬರಿನ ಪಕ್ಕದಲ್ಲಿ ನಿಲ್ಲಿಸಿ, ಪೈಪು ಜೋಡಿಸಿ, ವಾಲ್ವನ್ನು ನಾಲ್ಕು ದಿನವೂ ತೆರೆದೇ ಬಿಟ್ಟಿದ್ದೆ. ತಾನಾಗಿಯೇ ಹರಿದುಹೋಗುತ್ತಿದೆ, ತುಂಬುವ ಚಿಂತೆಯೇ ಇಲ್ಲ ಎಂದು ಹಿಗ್ಗಿದ್ದೆ. ಹರಿದುಹೋಗಿದ್ದು ನೀರು ಮಾತ್ರ. ಐದನೆಯ ದಿನ ಬೆಳಿಗ್ಗೆ ಕಮೋಡಿನ ಪೆಡಲ್ ತುಳಿದು ಟಾರ್ಚ್ ಬಿಟ್ಟು ನೋಡಿದರೆ ಗುಡ್ಡೆಯ ತುದಿ ಕಮೋಡಿನ ಬಾಯಿಗೆ ಒಂದು ಗೇಣು ಕೆಳಗಿತ್ತು, ಮೇಲ್ಮೈ ಒಣಗಿ ಬಿರುಕು ಬಿಟ್ಟಿತ್ತು. ವಾಲ್ವ್ ಮುಚ್ಚಿ, ಸ್ನಾನದ ಹಂಡೆಯಿಂದ ನಲವತ್ತು ಲೀಟರ್ ಬಿಸಿನೀರನ್ನು, ಕುದಿಯುವಂಥದ್ದಲ್ಲ, ಕೈ ತಾಳುವಷ್ಟು ಬಿಸಿಯದ್ದು, ಒಂದು ಮುಚ್ಚಳ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಒಳಗೆ ಸುರಿದು ರಾತ್ರಿಯೆಲ್ಲ ನೆನೆಯಲು ಬಿಟ್ಟೆ. ಮರುದಿನ ಮಂಚೇನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಬರುವ ದಾರಿಯ ಹಂಪ್‌ಗಳನ್ನೆಲ್ಲ ಹತ್ತಿ ಇಳಿದು ಮನೆಗೆ ಬಂದು ವಾಲ್ವ್ ತೆಗೆದಾಗ ಅರ್ಧದಷ್ಟು ಹೋಯಿತು. ಮತ್ತೆರಡು ಸಲ ಇದೇ ಕೆಲಸ ಮಾಡಿದ ಮೇಲೆ ತಳ ಕಂಡಿತು. ಕೋಲು ಹಾಕಿ ತಿವಿಯಬೇಕೆಂಬ ಆಸೆ ಆಗುತ್ತದೆ. ತಿವಿಯಬೇಡಿ, ಪ್ಲಾಸ್ಟಿಕ್ ಟ್ಯಾಂಕಿನ ತಳವೋ, ಎಷ್ಟು ತುಂಬಿದೆ ಎಂದು ತೋರಿಸುವ ಸೆನ್ಸರಿನ ಮೊಳೆಯೋ ಹೋಗುತ್ತದೆ. ಮಲದ ಟ್ಯಾಂಕಿನ ವಾಲ್ವ್ ಖಾಲಿ ಮಾಡುವ ಹತ್ತು ನಿಮಿಷ ಬಿಟ್ಟು ಉಳಿದೆಲ್ಲ ಹೊತ್ತೂ ಮುಚ್ಚಿಯೇ ಇರಬೇಕು.

ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆಯೇ ತೆರೆಯಬೇಕೆನ್ನುವುದಕ್ಕೂ ಇದೇ ಕಾರಣ. ಮೇಲಿನ ನೀರಿನ ಭಾರ ಕೆಳಗಿನ ಗಟ್ಟಿಯನ್ನು ತಳ್ಳಿಕೊಂಡು ಹೋಗುತ್ತದೆ. ಕಾಲು ಭಾಗ ತುಂಬಿದಾಗಲೇ ಖಾಲಿ ಮಾಡಬೇಕಾದ ಸಂದರ್ಭ ಬಂದರೆ ಮೊದಲು ಒಂದೆರಡು ಬಕೆಟ್ ನೀರು ಸುರಿದು ತುಂಬಿಸಿಕೊಳ್ಳಿ.

ಒಳಗೆ ಏನು ಹಾಕಬಹುದು

ಟ್ಯಾಂಕಿಗೆ ಹಾಕುವ ಔಷಧಿಗಳಲ್ಲಿ ಒಂದು ಗುಂಪು ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕದಿಂದ ಬ್ಯಾಕ್ಟೀರಿಯಾಗಳನ್ನು ಕೊಂದು ವಾಸನೆ ನಿಲ್ಲಿಸುತ್ತದೆ. ಇನ್ನೊಂದು ಗುಂಪು ಬ್ಯಾಕ್ಟೀರಿಯಾ ಮತ್ತು ಎಂಜೈಮುಗಳನ್ನೇ ಸೇರಿಸಿ ಮಲವನ್ನು ಕರಗಿಸುತ್ತದೆ. ನಮ್ಮ ಟ್ಯಾಂಕ್ ಕೊನೆಗೆ ಸೇರುವುದು ಮನೆಯ ಸೆಪ್ಟಿಕ್ ಟ್ಯಾಂಕನ್ನು. ಅದು ನಡೆಯುವುದೇ ಬ್ಯಾಕ್ಟೀರಿಯಾಗಳಿಂದ. ಅವನ್ನು ಕೊಲ್ಲುವ ದ್ರವವನ್ನು ಅಲ್ಲಿಗೆ ಸುರಿದರೆ ಗಾಡಿಯ ವಾಸನೆ ಹೋಗಿ ಮನೆಯ ಗುಂಡಿ ಕೆಡುತ್ತದೆ. ಆದ್ದರಿಂದ ಎರಡನೆಯ ಗುಂಪಿನದನ್ನೇ ಕೊಳ್ಳಿ, ಡಬ್ಬಿಯ ಮೇಲೆ ಸೆಪ್ಟಿಕ್ ಟ್ಯಾಂಕಿಗೆ ಹಾನಿಯಿಲ್ಲ ಎಂದು ಬರೆದಿದೆಯೇ ನೋಡಿಕೊಳ್ಳಿ.

ಫಿನೈಲ್ ಎರಚಿದರೇ ಶೌಚಾಲಯ ಶುದ್ಧ ಎನ್ನುವುದು ನಮ್ಮ ಮನೆಗಳ ನಂಬಿಕೆ. ಗಾಡಿಯಲ್ಲಿ ಫಿನೈಲೂ ಬೇಡ, ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರೂ ಬೇಡ. ಕಮೋಡಿನ ತಳದ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿಡುವ ರಬ್ಬರ್ ಸೀಲ್ ಅವುಗಳಿಂದ ಹಾಳಾಗುತ್ತದೆ. ಅಪಾಯದ ಮಾತೂ ಇದೆ: ಆ್ಯಸಿಡ್ ಕ್ಲೀನರಿನ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಮೂತ್ರದ ಅಮೋನಿಯಾದ ಜೊತೆ ಬ್ಲೀಚ್ ಸೇರಿದರೂ ವಿಷದ ಹೊಗೆ ಏಳುತ್ತದೆ, ಮತ್ತು ಗಾಡಿಯ ಶೌಚಾಲಯ ಒಂದು ಬೀರುವಿನಷ್ಟೇ ದೊಡ್ಡದು. ಇನ್ನು ರೈತ ಗೆಳೆಯರು ಸಗಣಿ ನೀರು ಹಾಕು, ಜೀವಾಮೃತ ಹಾಕು ಎನ್ನುತ್ತಾರೆ. ಹೊಲಕ್ಕೆ ಅದು ಸರಿ. ಮೂರು ಇಂಚಿನ ಪೈಪಿನ ಟ್ಯಾಂಕಿಗೆ ಸಗಣಿಯ ನಾರು, ದ್ವಿದಳ ಧಾನ್ಯದ ಹಿಟ್ಟು, ಬದುವಿನ ಮಣ್ಣು ಸೇರಿಸಿದರೆ ತಳದಲ್ಲಿ ಗಿಲಾವಿನಂತೆ ಕೂರುತ್ತದೆ. ಕಮೋಡನ್ನು ತೊಳೆಯಲು ಒಂದಿಷ್ಟು ಪಾತ್ರೆ ಲಿಕ್ವಿಡ್ಡೂ ಮೆತ್ತನೆಯ ಬ್ರಷ್ಷೂ ಸಾಕು.

ವಾಸನೆ ಬಂದರೆ

ಟ್ಯಾಂಕಿನಲ್ಲಿ ಹುಟ್ಟುವ ಅನಿಲ ಚಾವಣಿಯ ಮೇಲಿನ ಗಾಳಿ ಪೈಪಿನಿಂದ ಹೊರಗೆ ಹೋಗಬೇಕು. ಒಳಗೆ ಬಂದರೆ ಎಲ್ಲೋ ಒಂದು ಕಡೆ ತಡೆ ತಪ್ಪಿದೆ ಎಂದು ಅರ್ಥ. ಮೊದಲು ನೋಡಬೇಕಾದದ್ದು ಎಕ್ಸಾಸ್ಟ್ ಫ್ಯಾನು. ಅದು ತಿರುಗುತ್ತಿರುವಾಗ ಪೆಡಲ್ ತುಳಿದರೆ ಗಾಡಿಯೊಳಗಿನ ಗಾಳಿಯ ಒತ್ತಡ ಕಡಿಮೆಯಾಗಿ, ಟ್ಯಾಂಕಿನ ಅನಿಲವೇ ಕಮೋಡಿನ ಮೂಲಕ ಮೇಲಕ್ಕೆ ಎಳೆದುಕೊಂಡು ಬರುತ್ತದೆ. ಫ್ಯಾನು ಆರಿಸಿ, ಫ್ಲಶ್ ಮಾಡಿ, ಆಮೇಲೆ ಹಾಕುವ ರೂಢಿ ಮಾಡಿಕೊಳ್ಳಿ. ಎರಡನೆಯದಾಗಿ, ಚಾವಣಿಯ ಪೈಪಿನ ಬಾಯಲ್ಲಿ ಕಣಜ ಗೂಡು ಕಟ್ಟಿದೆಯೇ, ಒಣಗಿದ ಎಲೆ ತುಂಬಿದೆಯೇ ನೋಡಿ. ಮೂರನೆಯದಾಗಿ, ಸಿಂಕು ಮತ್ತು ಬಚ್ಚಲಿನ ಕೆಳಗಿನ ಯು ಬೆಂಡಿನಲ್ಲಿ ನಿಂತಿರಬೇಕಾದ ನೀರು ಬೇಸಿಗೆಯಲ್ಲಿ ಆರಿಹೋಗಿರಬಹುದು. ಒಂದೊಂದು ಚೊಂಬು ನೀರು ಸುರಿದರೆ ಸರಿಹೋಗುತ್ತದೆ.

ಇವೆಲ್ಲ ಸರಿಯಿದ್ದೂ ವಾಸನೆ ಬರುತ್ತಿದ್ದರೆ ಕಮೋಡಿನ ಸೀಲ್ ಕೈಕೊಟ್ಟಿದೆ. ಪರೀಕ್ಷೆ ಸುಲಭ: ರಾತ್ರಿ ಮಲಗುವ ಮುಂಚೆ ಕಮೋಡಿನ ತಳದಲ್ಲಿ ಎರಡು ಬೆರಳಿನಷ್ಟು ನೀರು ನಿಲ್ಲಿಸಿ, ಬೆಳಿಗ್ಗೆ ಅದು ಇಳಿದುಹೋಗಿದ್ದರೆ ಸೀಲ್ ಸೋರುತ್ತಿದೆ. ಸೀಲ್ ಹರಿದಿರುವುದಕ್ಕಿಂತ ಅದರ ಮೇಲೆ ಏನಾದರೂ ಕೂತಿರುವುದೇ ನಮ್ಮ ಜಿಲ್ಲೆಗಳಲ್ಲಿ ಹೆಚ್ಚು, ಏಕೆಂದರೆ ನಮ್ಮ ನೀರು ಸಾವಿರ ಅಡಿಗೂ ಕೆಳಗಿನ ಬೋರ್‌ವೆಲ್‌ಗಳಿಂದ ಬರುವ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆದೀತು ಎಂದಿದೆ. ಬಿಸಿನೀರಿನ ಹಂಡೆಯಲ್ಲಿ ಪೊರೆ ಕಟ್ಟುವ ವೇಗ ನೋಡಿದವರಿಗೆ ನಮ್ಮ ನೀರು ಯಾವ ಕಡೆಗಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಒಮ್ಮೆ ನಮ್ಮ ಗಾಡಿಯಲ್ಲಿ ನೀರು ನಿಲ್ಲದಾದಾಗ, ಕೈಗವಸು ಹಾಕಿಕೊಂಡು, ಪೆಡಲ್ ತುಳಿದು ಹಿಡಿಯಲು ಮಗನಿಗೆ ಹೇಳಿ, ಸೀಲಿನ ಅಂಚಿನ ಸುತ್ತ ಬೆರಳಾಡಿಸುತ್ತ ಹೋದೆ. ಹಿಂಬದಿಯಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಬಿಳಿಯ ಗಂಟೊಂದು ಬೆರಳಿಗೆ ತಡೆಯಿತು. ಬಿಳಿ ವಿನೆಗರಿನಲ್ಲಿ ಅದ್ದಿದ ಹಳೆಯ ಬಟ್ಟೆಯನ್ನು ಅದರ ಮೇಲೆ ಅರ್ಧ ಗಂಟೆ ಹೊದಿಸಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಾಗ ಉದುರಿತು. ಆ ರಾತ್ರಿ ನೀರು ನಿಂತಿತು. ವಿನೆಗರ್ ಬಳಸಿದ ಮೇಲೆ ಚೆನ್ನಾಗಿ ತೊಳೆದು, ಒರೆಸಿ, ಸೀಲಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಬೇಕು. ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ, ವ್ಯಾಸಲಿನ್‌ಗಳನ್ನು ಹಚ್ಚಬಾರದು, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಎರಡು ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಸೀಲ್ ವರ್ಷಗಟ್ಟಲೆ ಬಾಳುತ್ತದೆ.

ಎಲ್ಲಿ ಖಾಲಿ ಮಾಡಬೇಕು

ಮೊದಲ ಆಯ್ಕೆ ನಿಮ್ಮದೇ ಮನೆಯ ಸೆಪ್ಟಿಕ್ ಟ್ಯಾಂಕ್. ಅದರಲ್ಲಿ ಗಟ್ಟಿ ಪದಾರ್ಥ ತಳಕ್ಕೆ ಕೂತು, ತಿಳಿನೀರು ಮಾತ್ರ ಮುಂದಿನ ಇಂಗುಗುಂಡಿಗೆ ಹೋಗುತ್ತದೆ. ಹಾಗಾಗಿ ಮನೆಯ ಶೌಚಾಲಯದಿಂದ ಬರುವ ಪೈಪಿನ ಚೇಂಬರಿಗೇ ಸುರಿಯಬೇಕು, ಇಂಗುಗುಂಡಿಗೆ ಸುರಿದರೆ ಅದರ ಸುತ್ತಲಿನ ಮಣ್ಣಿನ ರಂಧ್ರಗಳು ಕಟ್ಟಿ ಗುಂಡಿ ನೀರು ಕುಡಿಯುವುದನ್ನೇ ನಿಲ್ಲಿಸುತ್ತದೆ. ತೊಂಬತ್ತು ಲೀಟರನ್ನು ಒಂದೇ ಸಲ ದಬದಬನೆ ಬಿಟ್ಟರೆ ಕೆಳಗೆ ಕೂತ ಕೆಸರೂ ಕಲಕಿ ಮುಂದಕ್ಕೆ ಹೋಗುತ್ತದೆ. ಮೂರು ನಾಲ್ಕು ಕಂತಿನಲ್ಲಿ, ನಡುನಡುವೆ ವಾಲ್ವ್ ಮುಚ್ಚಿ ಬಿಡುವುದು ಒಳ್ಳೆಯದು. ಪ್ರತಿ ಕಂತಿನಲ್ಲೂ ವಾಲ್ವನ್ನು ಪೂರ್ತಿಯೇ ಎಳೆಯಬೇಕು. ಅರ್ಧ ಎಳೆದರೆ ನೀರು ಸೋಸಿ ಹೋಗಿ ಗಟ್ಟಿ ಹಿಂದೆ ಉಳಿಯುತ್ತದೆ. ಹಳ್ಳಿಗಳಲ್ಲಿ ಎರಡು ಗುಂಡಿಗಳ ಶೌಚಾಲಯ ಇರುವ ಕಡೆ ಬಳಕೆಯಲ್ಲಿರುವ ಗುಂಡಿ ಯಾವುದೆಂದು ಮನೆಯವರನ್ನು ಕೇಳಿ ತಿಳಿದುಕೊಳ್ಳಿ. ಮುಚ್ಚಿಟ್ಟ ಇನ್ನೊಂದು ಗುಂಡಿಯಲ್ಲಿ ಮಲ ಗೊಬ್ಬರವಾಗುತ್ತಿರುತ್ತದೆ. ಹಸಿಯದನ್ನು ಅದಕ್ಕೆ ಸೇರಿಸಿದರೆ ರೋಗಾಣುಗಳು ಸಾಯಲೆಂದು ಕಾದ ವರ್ಷವೆಲ್ಲ ವ್ಯರ್ಥ.

ಪ್ರವಾಸದಲ್ಲಿ ಲಾಡ್ಜು, ಕಲ್ಯಾಣ ಮಂಟಪ, ತೋಟದ ಮನೆಗಳವರನ್ನು ಮುಂಚಿತವಾಗಿ, ಮುಚ್ಚುಮರೆಯಿಲ್ಲದೆ ಕೇಳಿ, ತಕ್ಕ ಹಣ ಕೊಟ್ಟು ಖಾಲಿ ಮಾಡಬಹುದು. ‘ಗಾಡಿಯ ನೀರು ಬಿಡುತ್ತೇನೆ’ ಎಂದು ತೇಲಿಸಿ ಹೇಳಿ ಒಳಗೆ ಹೋದವನು ನಾನೇ ಒಮ್ಮೆ. ಮಾಲೀಕರು ಪೈಪಿನ ಗಾತ್ರ ನೋಡಿದ ಕೂಡಲೇ ಕಳಿಸಿಬಿಟ್ಟರು, ತಪ್ಪು ನನ್ನದೇ ಆಗಿತ್ತು. ಊರಿನ ಬೀದಿಯ ಮ್ಯಾನ್‌ಹೋಲ್ ಮುಚ್ಚಳವನ್ನು ನಾವಾಗಿ ಎತ್ತಬಾರದು. ಅದಕ್ಕೆ ನಗರಸಭೆಯ ಅನುಮತಿ ಬೇಕು.

ಕೆರೆ, ರಾಜಕಾಲುವೆ, ಹೆದ್ದಾರಿಯ ಪಕ್ಕದ ಚರಂಡಿ, ಯಾರದೋ ಬೀಳು ಹೊಲ, ಇಲ್ಲೆಲ್ಲೂ ಒಂದು ಹನಿಯೂ ಬೀಳಬಾರದು. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ನಮ್ಮದು. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೂ, ಆಮೇಲೆ ಹೆಬ್ಬಾಳ-ನಾಗವಾರ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೂ ಬರುತ್ತಿರುವುದು ಅಂತರ್ಜಲ ಮರುಪೂರಣಕ್ಕೆ. ಆ ನೀರನ್ನು ಇನ್ನೂ ಒಂದು ಹಂತ ಶುದ್ಧಿ ಮಾಡಿ ಕೊಡಿ ಎಂದು ಸರ್ಕಾರವನ್ನು ಕೇಳುತ್ತಿರುವ ಜನ ನಾವೇ ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ವಾಲ್ವ್ ಎಳೆದರೆ ಬಾಯಿ ತೆರೆಯುವ ಹಕ್ಕು ಉಳಿಯುವುದಿಲ್ಲ.

ಖಾಲಿ ಮಾಡುವ ಕ್ರಮ

ಇದಕ್ಕೆಂದೇ ಒಂದು ಮುಚ್ಚಳದ ಡಬ್ಬಿ ಇಟ್ಟುಕೊಳ್ಳಿ: ಕೈಗವಸು, ಮೂರು ಇಂಚಿನ ಮಡಚುವ ಪೈಪು, ಒಳಗೆ ಹರಿಯುವುದು ಕಾಣುವಂಥ ಪಾರದರ್ಶಕ ಬೆಂಡು, ಟ್ಯಾಂಕ್ ತೊಳೆಯಲು ಪ್ರತ್ಯೇಕ ಬಣ್ಣದ ಹೋಸು, ಒಂದು ಹಳೆಯ ಬಕೆಟ್, ಬ್ಲೀಚಿಂಗ್ ಪೌಡರು, ಸೋಪು. ಕುಡಿಯುವ ನೀರು ತುಂಬುವ ಹೋಸು ಈ ಡಬ್ಬಿಯ ಹತ್ತಿರವೂ ಸುಳಿಯಬಾರದು. ಕುಡಿಯುವ ನೀರು ತುಂಬುವುದಿದ್ದರೆ ಅದನ್ನು ಮೊದಲು, ಶುದ್ಧ ಕೈಯಲ್ಲಿ, ಬೇರೆ ಜಾಗದಲ್ಲಿ ಮುಗಿಸಿಕೊಳ್ಳಿ.

ಗಾಡಿಯನ್ನು ಸಮತಟ್ಟಾಗಿ, ಸಾಧ್ಯವಾದರೆ ವಾಲ್ವಿನ ಕಡೆಗೆ ತುಸು ಇಳಿಜಾರಾಗಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಚೇಂಬರಿನ ಮುಚ್ಚಳ ತೆಗೆದು ಒಂದೆರಡು ನಿಮಿಷ ದೂರ ನಿಲ್ಲಿ, ಅದರ ಮೇಲೆ ಬಾಗಿ ಇಣುಕಬೇಡಿ, ಹತ್ತಿರ ಬೀಡಿ ಸಿಗರೇಟು ಹಚ್ಚಬೇಡಿ. ಅಲ್ಲಿರುವ ಮೀಥೇನ್ ಹೊತ್ತಿಕೊಳ್ಳುವಂಥದ್ದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಂದುಬಿಡುತ್ತದೆ, ವಾಸನೆ ನಿಂತಿತೆಂದು ನಂಬಿ ತಲೆ ಹಾಕಿದವರು ಅಲ್ಲೇ ಕುಸಿಯುತ್ತಾರೆ. ಏನೇ ಒಳಗೆ ಬಿದ್ದರೂ ಯಾರೂ ಗುಂಡಿಗೆ ಇಳಿಯಬಾರದು, ಹಣ ಕೊಟ್ಟು ಬೇರೆಯವರನ್ನು ಇಳಿಸಲೂಬಾರದು. ರಕ್ಷಣಾ ಸಾಧನವಿಲ್ಲದೆ ಯಾರನ್ನಾದರೂ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಡಿ ಜೈಲುಶಿಕ್ಷೆಗೆ ಗುರಿಮಾಡುವ ಅಪರಾಧ. ಮಲ ಹೊರುವ ಪದ್ಧತಿಯ ವಿರುದ್ಧ ದೇಶದಾದ್ಯಂತ ಹೋರಾಟ ಕಟ್ಟಿದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಪಕ್ಕದ ಕೆಜಿಎಫ್‌ನಲ್ಲಿ. ನಮ್ಮ ಸುಖಪ್ರವಾಸದ ಕೊಳಚೆಯನ್ನು ಪೌರಕಾರ್ಮಿಕರೊಬ್ಬರ ಕೈಗೆ ದಾಟಿಸುವ ಯೋಚನೆ ಈ ಸೀಮೆಯವರಿಗಂತೂ ಬರಬಾರದು. ಗಾಡಿ ಯಾರದೋ, ಕೈಗವಸು ತೊಡಬೇಕಾದವರೂ ಅವರೇ.

ವಾಲ್ವಿನ ಹೊರಗಿನ ಮುಚ್ಚಳ ತೆಗೆಯುವ ಮುಂಚೆ ಕೆಳಗೆ ಬಕೆಟ್ ಇಡಿ, ವಾಲ್ವ್ ಸೋರಿದ್ದರೆ ಅಲ್ಲಿ ಅರ್ಧ ಲೀಟರಿನಷ್ಟು ಕಾದು ಕೂತಿರುತ್ತದೆ. ಪೈಪನ್ನು ತಿರುಗಿಸಿ ಕೂರಿಸಿದ ಮೇಲೆ ಕೊಂಡಿಗಳು ಎರಡೂ ಕಚ್ಚಿಕೊಂಡಿವೆಯೇ ಎಂದು ಎಳೆದು ನೋಡಿ. ಒಂದೇ ಕಚ್ಚಿದ್ದರೆ ಒತ್ತಡಕ್ಕೆ ಬಿಚ್ಚಿಕೊಂಡು ಅಂಗಳವೆಲ್ಲ ಹರಡುತ್ತದೆ. ಪೈಪಿನ ಇನ್ನೊಂದು ತುದಿಯನ್ನು ಚೇಂಬರಿನೊಳಗೆ ಒಂದು ಅಡಿ ಇಳಿಸಿ ಮೇಲೆ ಇಟ್ಟಿಗೆ ಹೇರಿ. ಆಮೇಲೆ ಮಲದ ಟ್ಯಾಂಕಿನ ವಾಲ್ವ್ ಎಳೆಯಿರಿ. ಮೊದಲು ಧೋ ಎನ್ನುವ ಸದ್ದು, ಆಮೇಲೆ ಗುಳುಗುಳು, ಕೊನೆಗೆ ತೊಟ್ಟಿಕ್ಕುವ ಸದ್ದು. ಬೆಂಡಿನಲ್ಲಿ ನೀರು ತಿಳಿಯಾಗಿ ಕಾಣುವವರೆಗೆ, ವಾಲ್ವ್ ಮುಚ್ಚಿ ಎರಡು ಬಕೆಟ್ ನೀರನ್ನು ಕಮೋಡಿನಿಂದ ಸುರಿದು ಮತ್ತೆ ತೆರೆಯುವುದನ್ನು ಎರಡು ಮೂರು ಸಲ ಮಾಡಿ. ಅದನ್ನು ಮುಚ್ಚಿದ ಮೇಲೆ ಬಚ್ಚಲ ನೀರಿನ ವಾಲ್ವ್ ತೆರೆಯಿರಿ. ಸೋಪಿನ ಆ ನೀರು ಪೈಪಿನ ಒಳಗನ್ನು ತೊಳೆದುಕೊಂಡು ಹೋಗುತ್ತದೆ. ಈ ಕ್ರಮ ಹಿಂದುಮುಂದಾಗಬಾರದು. ಬಚ್ಚಲ ನೀರು ಸಾಕಷ್ಟಿರಲೆಂದು ಅದರ ವಾಲ್ವನ್ನು ಹಿಂದಿನ ದಿನದಿಂದಲೇ ಮುಚ್ಚಿಟ್ಟಿರಬೇಕು.

ಪೈಪನ್ನು ಬಿಚ್ಚುವಾಗ ಗಾಡಿಯ ಕಡೆಯ ತುದಿಯನ್ನು ಮೊದಲು ಬಿಚ್ಚಿ, ಎತ್ತಿ ಹಿಡಿದು, ಚೇಂಬರಿನ ಕಡೆಗೆ ನೀರೆಲ್ಲ ಇಳಿಯುವಂತೆ ಕೈಯಿಂದ ಕೈಗೆ ದಾಟಿಸುತ್ತ ಹೋಗಿ. ನೆಲಕ್ಕೆ ಬಿದ್ದದ್ದೇನಾದರೂ ಇದ್ದರೆ ಬ್ಲೀಚಿಂಗ್ ಪೌಡರಿನ ನೀರಿನಿಂದ ತೊಳೆಯಿರಿ. ಕೈಗವಸು ತೆಗೆದ ಮೇಲೂ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು. ಟೈಫಾಯ್ಡ್, ಆಮಶಂಕೆ, ಕಾಮಾಲೆಗಳು ಕಾಯುತ್ತಿರುವುದು ಈ ಒಂದು ನಿಮಿಷದ ಸೋಮಾರಿತನಕ್ಕೆ.

ಸೆನ್ಸರು, ವಾಲ್ವು, ಬಚ್ಚಲ ನೀರು

ಟ್ಯಾಂಕಿನ ಗೋಡೆಯಲ್ಲಿ ಬೇರೆ ಬೇರೆ ಎತ್ತರದಲ್ಲಿ ಕೂರಿಸಿದ ಲೋಹದ ಮೊಳೆಗಳು ನೀರು ತಗುಲಿದಾಗ ಒಳಗಿನ ದೀಪ ಹತ್ತಿಸುತ್ತವೆ. ಮೊಳೆಗಳಿಗೆ ಮಲ ಮೆತ್ತಿದರೆ ಖಾಲಿ ಟ್ಯಾಂಕೂ ತುಂಬಿದೆ ಎನ್ನುತ್ತದೆ. ಒಂದು ವರ್ಷದ ನಂತರ ನಾನು ದೀಪವನ್ನು ನಂಬುವುದನ್ನು ಬಿಟ್ಟು, ಜನ ಮತ್ತು ದಿನ ಎಣಿಸಿ ಲೆಕ್ಕ ಇಟ್ಟುಕೊಳ್ಳುತ್ತಿದ್ದೇನೆ. ವಾಲ್ವ್ ಎಳೆಯಲು ಬಿಗಿಯಾದರೆ ಬಲ ಹಾಕಬೇಡಿ, ಹಿಡಿ ಕಿತ್ತು ಬರುತ್ತದೆ. ಟ್ಯಾಂಕ್ ಖಾಲಿ ಇರುವಾಗ ಹಿಡಿಯ ಕಡ್ಡಿಗೆ ಸಿಲಿಕೋನ್ ಸ್ಪ್ರೇ ಹೊಡೆದು ನಾಲ್ಕಾರು ಸಲ ಹಿಂದೆ ಮುಂದೆ ಆಡಿಸಿ. ಆದರೂ ಸರಿಹೋಗದಿದ್ದರೆ ನಾಲ್ಕು ಬೋಲ್ಟ್ ಬಿಚ್ಚಿ ಹೊಸ ವಾಲ್ವ್ ಹಾಕುವ ಕೆಲಸವನ್ನು, ಟ್ಯಾಂಕನ್ನು ಪೂರ್ತಿ ತೊಳೆದ ಮೇಲೆ, ಪ್ಲಂಬರ್ ಒಂದು ಗಂಟೆಯಲ್ಲಿ ಮಾಡಿಕೊಡುತ್ತಾರೆ.

ಬಚ್ಚಲ ನೀರಿನ ಟ್ಯಾಂಕಿಗೆ ಮುಖ್ಯ ಶತ್ರು ಅಡುಗೆ. ಮುದ್ದೆ ಮಾಡಿದ ಪಾತ್ರೆಯ ತಳಕ್ಕೆ ಹತ್ತಿದ ಹಿಟ್ಟು ನೀರಿನಲ್ಲಿ ಗಂಜಿಯಾಗಿ ಹೋಗಿ ಪೈಪಿನೊಳಗೆ ಅಂಟಿನಂತೆ ಕೂರುತ್ತದೆ, ಅದರ ಮೇಲೆ ಸಾರಿನ ಎಣ್ಣೆ ಪದರ ಕಟ್ಟುತ್ತದೆ. ಎರಡೇ ದಿನದಲ್ಲಿ ಹುಳಿತು ನಾರುವ ಈ ವಾಸನೆಯನ್ನು ಅನೇಕರು ಶೌಚಾಲಯದ್ದೆಂದು ತಪ್ಪು ತಿಳಿಯುತ್ತಾರೆ. ಪಾತ್ರೆಯನ್ನು ಹಳೆಯ ಪೇಪರಿನಿಂದ ಒರೆಸಿ, ಸಿಂಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ ತೊಳೆದರೆ ಮುಕ್ಕಾಲು ತೊಂದರೆ ತಪ್ಪುತ್ತದೆ.

ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಎರಡೂ ಟ್ಯಾಂಕುಗಳನ್ನು ಖಾಲಿ ಮಾಡಿ, ನೀರು ತಿಳಿಯಾಗುವವರೆಗೆ ತೊಳೆದು, ವಾಲ್ವ್ ಮುಚ್ಚಿಡಿ. ವಿದೇಶಿ ವಿಡಿಯೊಗಳಲ್ಲಿ ಈ ಭಾಗಕ್ಕೆ ಬಂದಾಗ ಪೈಪು ಹೆಪ್ಪುಗಟ್ಟದಂತೆ ಹಾಕುವ ದ್ರವದ ಬಗ್ಗೆಯೇ ಅರ್ಧ ಗಂಟೆ ಹೇಳುತ್ತಾರೆ. ಚಿಕ್ಕಬಳ್ಳಾಪುರದ ಡಿಸೆಂಬರಿನ ಚಳಿಗೆ ಅದು ಬೇಕಿಲ್ಲ. ನಮಗೆ ಬೇಕಾದದ್ದು ಏಪ್ರಿಲ್ ಬಿಸಿಲಿಗೆ ಸೀಲ್ ಒಣಗಿ ಬಿರಿಯದಂತೆ ನೋಡಿಕೊಳ್ಳುವುದು: ಹದಿನೈದು ದಿನಕ್ಕೊಮ್ಮೆ ಕಮೋಡಿಗೆ ಒಂದು ಚೊಂಬು, ಸಿಂಕಿಗೆ ಒಂದು, ಬಚ್ಚಲಿಗೆ ಒಂದು. ನಮ್ಮ ಮನೆಯಲ್ಲಿ ತುಳಸಿಗೆ ನೀರು ಹಾಕಲು ಹೊರಗೆ ಬಂದಾಗ ಅಮ್ಮನೇ ಇದನ್ನು ನೆನಪಿಸುತ್ತಾಳೆ.